ಎಸ್‌ವಿಜಿಯಿಂದ ಪಿಡಿಎಫ್: ನಮ್ಮ ಒತ್ತಕ್ಷರ ಉಳಿಸಿದ್ದು ಯಾವುದು?

ತುಮಕೂರಲ್ಲಿ ಪ್ರೆಸ್ ಇಟ್ಟಿರುವ ಗೆಳೆಯನಿಗೆ ಒಂದು ಸೈಟ್ ಬೇಕಿತ್ತು. ಗಿರಾಕಿ ಮೊಬೈಲಲ್ಲೇ ಹೆಸರು, ಮುಹೂರ್ತ ತುಂಬಿದರೆ ಲಗ್ನಪತ್ರಿಕೆಯ ಪಿಡಿಎಫ್ ತಯಾರಾಗಬೇಕು. ಡಿಸೈನೆಲ್ಲ ಗೆರೆ, ಆಕಾರಗಳನ್ನು ಬರಹವಾಗಿ ಇಡುವ ಚಿತ್ರದ ಫೈಲು, ಎಸ್‌ವಿಜಿ. ಸರ್ವರ್ ಅಂದರೆ 1 ಜಿಬಿ ಮೆಮೊರಿಯ ಬಾಡಿಗೆ ಲಿನಕ್ಸ್.

ಸೈಟ್ ಪೈಥಾನಲ್ಲಿದ್ದ ಕಾರಣ ಮೊದಲು ಕೈಹಾಕಿದ್ದು ಅದೇ ಭಾಷೆಯ, ಎಸ್‌ವಿಜಿಯನ್ನು ಪಿಡಿಎಫ್ ಮಾಡುವ ಲೈಬ್ರರಿ ಕೈರೋಎಸ್‌ವಿಜಿಗೆ. ಎರಡು ಸಾಲಿನ ಕೋಡ್, ಇಂಗ್ಲಿಷ್ ಕಾರ್ಡು ಮುತ್ತಿನಂತೆ ಬಂತು. ಕನ್ನಡ ಹಾಕಿದೆ: 'ಶ್‌ರೀ', 'ವಿವಾಹ ಮಹೋತ್‌ಸವ'. ಒತ್ತು ಕೆಳಗಿಳಿಯಲೇ ಇಲ್ಲ. ಅದು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುತ್ತದೆ, ಕೂಡಿಸುವುದಿಲ್ಲ. ಮದುವೆ ಮನೆಯವರ ಕೈಗೆ ಇದನ್ನು ಕೊಟ್ಟರೆ ಗತಿಯೇನು? ಅಲ್ಲಿಗೇ ಬಿಟ್ಟೆ.

ಆಮೇಲೆ ಪರದೆಯಲ್ಲಿ ಕಿಟಕಿ ತೆರೆಯದೆ ಓಡುವ ಬ್ರೌಸರು, ಹೆಡ್‌ಲೆಸ್ ಕ್ರೋಮ್. ಒತ್ತು, ಅರ್ಕಾವತ್ತು, ವೆಬ್‌ಫಾಂಟ್ (ಪುಟವೇ ಇಳಿಸಿಕೊಳ್ಳುವ ಫಾಂಟ್) ಎಲ್ಲ ಸರಿ. ಆದರೆ ಪ್ರತಿ ಕಾರ್ಡಿನ ಹಿಂದೆ ಒಂದು ಖಾಲಿ ಪುಟ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಪುಟದೊಳಗಿನ ಎಸ್‌ವಿಜಿಯನ್ನು ಬ್ರೌಸರು ಸಾಲಿನಲ್ಲಿರುವ ಅಕ್ಷರದಂತೆ ಕೂರಿಸಿ ಕೆಳಗೆ ಚೂರು ಜಾಗ ಬಿಡುತ್ತದೆ, ಆ ಚೂರೇ ಮುಂದಿನ ಪುಟಕ್ಕೆ ಜಾರುತ್ತಿತ್ತು. 'ಡಿಸ್‌ಪ್ಲೇ: ಬ್ಲಾಕ್' ಅಂತ ಬರೆದು ಅದನ್ನು ಸಾಲಿನಿಂದ ಹೊರಗಿಟ್ಟೆ, ಖಾಲಿ ಪುಟ ಹೋಯಿತು. ಮೆಮೊರಿ ಹಸಿವು ಮಾತ್ರ ಹೋಗಲಿಲ್ಲ. ನಾಲ್ಕು ಜನ ಒಟ್ಟಿಗೆ ಬಂದರೆ ಸರ್ವರ್ ಮಲಗುತ್ತಿತ್ತು.

ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪನ್ನು ಕಮಾಂಡ್ ಲೈನಿಂದಲೂ ಓಡಿಸಬಹುದು. ಅಕ್ಷರಗಳನ್ನೇ ಗೆರೆಗಳಾಗಿಸಿ ಕೊಡುವ ಸೌಲಭ್ಯ ಇದರಲ್ಲಿದೆ. ಪ್ರೆಸ್ಸಿನ ಕಂಪ್ಯೂಟರಲ್ಲಿ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಆದರೆ ಪ್ರತಿ ಸಲ ಇಡೀ ತಂತ್ರಾಂಶ ಎದ್ದು ಕೂರಬೇಕು, ನಿಧಾನ.

ಕೊನೆಗೆ ನಿಂತಿದ್ದು ಎಸ್‌ವಿಜಿ ಪರಿವರ್ತಿಸುವ ಪುಟ್ಟ ಕಮಾಂಡ್ ಆರ್‌ಎಸ್‌ವಿಜಿ-ಕನ್ವರ್ಟ್. ಹಗುರ, ಚುರುಕು. ಅಕ್ಷರ ಕೂಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ಕನ್ನಡ ಅಚ್ಚುಕಟ್ಟು. ಎಸ್‌ವಿಜಿಯೊಳಗಿನ ಸ್ಕ್ರಿಪ್ಟ್ ಓಡಿಸುವುದಿಲ್ಲ, ಬೇರೆ ಫೋಲ್ಡರಿನ ಚಿತ್ರ ಮುಟ್ಟುವುದಿಲ್ಲ. ಯಾರ್‍ಯಾರೋ ಫೈಲ್ ಏರಿಸುವ ಕಡೆ ಇದೇ ನೆಮ್ಮದಿ. ವಧೂವರರ ಫೋಟೋವನ್ನು ಡೇಟಾ ಯುಆರ್‌ಐ (ಚಿತ್ರವನ್ನೇ ಬರಹವಾಗಿಸಿದ ರೂಪ) ಮಾಡಿ ಒಳಗೇ ಸೇರಿಸಿದೆ. ವೆಬ್‌ಫಾಂಟ್ ಓದುವುದಿಲ್ಲವಾದ್ದರಿಂದ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಸರ್ವರಿಗೇ ಹಾಕಿದೆ. ಲಿನಕ್ಸಲ್ಲಿ 'ಗುಬ್ಬಿ' ಅಂತಲೂ ಒಂದು ಕನ್ನಡ ಫಾಂಟ್ ಸಿಗುತ್ತದೆ. ನಮ್ಮ ಪಕ್ಕದ ತಾಲ್ಲೂಕು ಅಂದುಕೊಂಡು ಹಿಗ್ಗಿದೆ. ಜೊತೆಗೇ 'ನವಿಲು' ಕಂಡಾಗ ಹಕ್ಕಿಯೇ ಇರಬೇಕು ಅನ್ನಿಸಿತು.

ಅಳತೆ ಮಾತ್ರ ಯಾವುದರಲ್ಲೂ ಕೈಕೊಡಬಹುದು. ಗೆಳೆಯನ ಹಳೇ ಡಿಸೈನುಗಳು ಇಂಚಿಗೆ 90 ಪಿಕ್ಸೆಲ್ ಲೆಕ್ಕದವು. ಇಂಕ್‌ಸ್ಕೇಪ್ 2017ರ 0.92 ಆವೃತ್ತಿಯಲ್ಲಿ 96ಕ್ಕೆ ಬಂತು. ಹಾಗಾಗಿ 5 ಇಂಚಿನ ಕಾರ್ಡು ಸುಮಾರು 4.7 ಇಂಚಿಗೆ ಕುಗ್ಗಿತ್ತು. ಅಗಲ, ಎತ್ತರವನ್ನು ಮಿಲಿಮೀಟರಲ್ಲೇ ಬರೆದು, ವ್ಯೂಬಾಕ್ಸ್ (ಒಳಗಿನ ಚಿತ್ರದ ಅಳತೆ) ಹಳೆಯದನ್ನೇ ಉಳಿಸಿದೆ.

ಇದೆಲ್ಲ ಆದ ಮೇಲೂ ಬರುವುದು ಪರದೆಯ ಕೆಂಪು-ಹಸಿರು-ನೀಲಿ ಬಣ್ಣ, ಆರ್‌ಜಿಬಿ. ಆಫ್‌ಸೆಟ್‌ಗೆ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕ ಬೇಕು. ಅದಕ್ಕೆ ಪಿಡಿಎಫ್‌ನ ಬಣ್ಣ ಬದಲಿಸುವ ಘೋಸ್ಟ್‌ಸ್ಕ್ರಿಪ್ಟ್ ಹಾಯಿಸುತ್ತೇನೆ. ಪ್ಲೇಟ್ ಮಾಡಿಸುವ ಮುಂಚೆ ಗೆಳೆಯ ಒಂದನ್ನೇ ನೋಡುತ್ತಾನೆ, ಕಪ್ಪು ಅಕ್ಷರ ಬರೀ ಕಪ್ಪು ಪ್ಲೇಟಿಗೆ ಬಂದಿದೆಯಾ ಅಂತ.