ಬ್ಲೂಟೂತ್ ಕೈಕೊಟ್ಟರೆ ಮೊದಲು ಯುಎಸ್‌ಬಿ ಹಾರ್ಡ್‌ಡಿಸ್ಕ್ ಕಿತ್ತು ನೋಡಿ

ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಮೌಸ್, ಹೆಡ್‌ಫೋನ್ ಜೋಡಿಸಿಕೊಂಡು, ಜೊತೆಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕನ್ನೂ ಚುಚ್ಚಿಕೊಂಡು ಕೆಲಸ ಮಾಡುವವರು ಇದನ್ನು ಓದಿಬಿಡಿ. ನನ್ನ ಹಾಗೆ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ.

ಮೌಸ್ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು, ಆಮೇಲೆ ಸ್ಕ್ರೀನಿನ ಇನ್ನೊಂದು ಮೂಲೆಗೆ ಹಾರುತ್ತಿತ್ತು. ಹೆಡ್‌ಫೋನಿನಲ್ಲಿ ದನಿ ತುಂಡು ತುಂಡು. ಅದೂ ಒಂದು ಕಡೆ ಬ್ಯಾಕಪ್ ಓಡುತ್ತಿರುವಾಗ, ಇನ್ನೊಂದು ಕಡೆ ಮೀಟಿಂಗ್‌ನಲ್ಲಿ ನನ್ನನ್ನೇ ಏನೋ ಕೇಳುತ್ತಿರುವಾಗ! ಸರ್ವಿಸ್ ಸೆಂಟರ್‌ಗೆ ಕೊಟ್ಟೆ. ವೈರ್‌ಲೆಸ್ ಕಾರ್ಡ್ (ಲ್ಯಾಪ್‌ಟಾಪ್ ಒಳಗೆ ವೈಫೈ, ಬ್ಲೂಟೂತ್ ನಡೆಸುವ ಬಿಡಿಭಾಗ) ಹೋಗಿದೆ ಅಂದರು, ಹೊಸದು ಹಾಕಿದರು, ಬಿಲ್ ಕೈಗಿಟ್ಟರು. ಅವರ ಟೇಬಲ್ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಇರದೇ ಏನು, ಅಲ್ಲಿ ಹಾರ್ಡ್‌ಡಿಸ್ಕ್ ಇರಲಿಲ್ಲವಲ್ಲ. ಮನೆಗೆ ತಂದು ಅದನ್ನು ಚುಚ್ಚಿದೆ, ಮತ್ತೆ ಅದೇ ರಾಗ.

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಯುಎಸ್‌ಬಿ 3.0 ಡೇಟಾ ಸಾಗಿಸುವಾಗ ಅದೇ ಜಾಗದಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ, ಪೋರ್ಟಿನಿಂದಲೂ ಬರುತ್ತದೆ, ಡಿಸ್ಕಿನಿಂದಲೂ, ಸರಿಯಾದ ಕವಚವಿಲ್ಲದ ಕೇಬಲ್ಲಿನಿಂದಲೂ. ಇದೇನು ಗುಟ್ಟಲ್ಲ, ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ನೋಡಿ ವರದಿ ಹಾಕಿದೆ. ರಿಪೇರಿ ಮಾಡುವವರಿಗೆ ಇಷ್ಟು ಗೊತ್ತಿರಬೇಕಿತ್ತು ಅಲ್ವಾ? ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್) ಇರುವ ವೈರ್‌ಲೆಸ್ ಮೌಸ್‌ಗಳೂ ಬಹುತೇಕ 2.4ರಲ್ಲೇ ಓಡುವುದರಿಂದ, ಬ್ಲೂಟೂತ್ ಬಿಟ್ಟು ಅದನ್ನು ಕೊಂಡರೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಕೊನೆಗೆ ಸರಿಹೋಗಿದ್ದು ತೀರಾ ಸುಲಭದಲ್ಲಿ. ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಪೋರ್ಟಿಗೆ ಹಾಕಿ, ಒಳ್ಳೆಯ ಕೇಬಲ್ಲಿನಲ್ಲಿ ಆದಷ್ಟು ದೂರ ಇಟ್ಟೆ. ಡಾಂಗಲ್ ಬಳಸುವವರು ಚಿಕ್ಕದೊಂದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಅದನ್ನು ಮೌಸಿನ ಹತ್ತಿರಕ್ಕೆ ಎಳೆದುಕೊಳ್ಳಿ. ವೈಫೈ ಕೂಡ 2.4ರಲ್ಲೇ ಇದ್ದರೆ, ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದಾಗ ಬ್ಲೂಟೂತ್‌ಗೆ ಇನ್ನೂ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಹೆಡ್‌ಫೋನ್ ತುಂಡಾಗದೆ, ಬರೀ ಹಳೇ ಟೆಲಿಫೋನಿನ ಹಾಗೆ ಕೇಳಿಸುತ್ತಿದ್ದರೆ ಅದು ಬೇರೆ ಕಥೆ. ಮಾಮೂಲಿ ಬ್ಲೂಟೂತ್‌ನಲ್ಲಿ ಹೆಡ್‌ಫೋನಿನ ಮೈಕ್ ಶುರುವಾದ ಕೂಡಲೇ ಹಾಡು ಕೇಳುವ ಮೋಡ್ ಬಿಟ್ಟು ಕರೆ ಮಾಡುವ ಮೋಡ್‌ಗೆ ಹೋಗುತ್ತದೆ, ಸ್ಟೀರಿಯೋ ಹೋಗಿ ದನಿ ಕಳಪೆಯಾಗುತ್ತದೆ. ಮೀಟಿಂಗ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ಅದಕ್ಕಾಗಿ ಹೊಸ ಹೆಡ್‌ಫೋನ್ ಕೊಳ್ಳಬೇಡಿ.

ಯಾರಾದರೂ ಕಾರ್ಡ್ ಬದಲಿಸಬೇಕು ಅಂದರೆ, ನಿಮ್ಮ ಮೌಸ್, ಹಾರ್ಡ್‌ಡಿಸ್ಕ್ ಎಲ್ಲ ತೆಗೆದುಕೊಂಡು ಹೋಗಿ, ಅವರ ಮುಂದೆಯೇ ಒಂದು ದೊಡ್ಡ ಫೈಲ್ ಕಾಪಿ ಮಾಡಿ ತೋರಿಸಿ. ಕಾರ್ಡ್ ಬದಲಿಸಿದರೂ ಹಳೆಯದನ್ನು ವಾಪಸ್ ಕೇಳಿ ಇಸಿದುಕೊಳ್ಳಿ. ನಾನು ಆಮೇಲೆ ಹೋಗಿ ಕೇಳಿದ್ದಕ್ಕೆ, ಬಿಸಾಕಿಬಿಟ್ಟೆವು ಅಂದರು.