ಲ್ಯಾಪ್‌ಟಾಪಿನಲ್ಲಿ ಉಳಿದ ಗಿಟಾರು: ವೊಯ್‌ವೊಡ್ ತಂಡದ ‘ಕಟೋರ್ಜ್’

ಕೆನಡಾದ ಹೆವಿ ಮೆಟಲ್ ತಂಡ ವೊಯ್‌ವೊಡ್‌ನ ಗಿಟಾರ್ ವಾದಕ ಡೆನಿ ದಾಮೂರ್, ಅಭಿಮಾನಿಗಳ ಬಾಯಲ್ಲಿ ‘ಪಿಗ್ಗಿ’, 2005ರ ಆಗಸ್ಟ್ 26ರಂದು ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗಿನ್ನೂ 45 ವರ್ಷ. ಮುಂದಿನ ಹಾಡುಗಳಿಗೆಂದು ನುಡಿಸಿಟ್ಟ ಗಿಟಾರಿನ ಭಾಗಗಳು ಅವರ ಲ್ಯಾಪ್‌ಟಾಪಿನಲ್ಲಿದ್ದವು. ಅವನ್ನು ಮುಗಿಸಿ ಹೊರತರಬೇಕೆಂದು ಜೊತೆಗಾರರಿಗೆ ಹೇಳಿಯೇ ಹೋಗಿದ್ದರು. ಉಳಿದ ಮೂವರು ಅವುಗಳ ಮೇಲೆ ದನಿ, ಬಾಸ್ ಗಿಟಾರು ಮತ್ತು ಡ್ರಮ್ ಕೂಡಿಸಿ 2006ರಲ್ಲಿ ಬಿಡುಗಡೆ ಮಾಡಿದ ಆಲ್ಬಮ್ಮೇ ‘ಕಟೋರ್ಜ್’. ಫ್ರೆಂಚಿನಲ್ಲಿ ಹದಿನಾಲ್ಕು ಎನ್ನುವ ಪದವನ್ನು ಕಿವಿಗೆ ಕೇಳಿದಂತೆ ಬರೆದರೆ ಈ ಹೆಸರಾಗುತ್ತದೆ. ಹತ್ತು ಹಾಡುಗಳು, ಒಟ್ಟು ನಲವತ್ತು ನಿಮಿಷದ ಆಸುಪಾಸು.

ಇದನ್ನು ಶ್ರದ್ಧಾಂಜಲಿಯೆಂದು ಭಾವಿಸಿ, ತಪ್ಪುಗಳನ್ನೆಲ್ಲ ಮನ್ನಿಸಿ ಕೇಳಿ ಮುಗಿಸಬಹುದು. ನಾನು ಮತ್ತೆ ಮತ್ತೆ ಇದಕ್ಕೆ ಮರಳಿದ್ದು ಬೇರೆ ಕಾರಣಕ್ಕೆ. ವೊಯ್‌ವೊಡ್‌ನ ಗಾಯಕ ಡೆನಿ ಬೆಲಾಂಜೆ, ಅಂದರೆ ‘ಸ್ನೇಕ್’, ಯಾಕೆ ಹಾಗೆ ಹಾಡುತ್ತಾರೆ ಎಂಬುದು ಎಷ್ಟೋ ವರ್ಷ ನನಗೆ ಬಗೆಹರಿದಿರಲಿಲ್ಲ. ಮೆಟಲ್ ಗಾಯಕರೆಂದರೆ ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್ ಅವರಂತೆ ತಾರಸ್ಥಾಯಿಗೆ ಏರುವ ತುಂಬು ಕಂಠವಿರಬೇಕು, ಇಲ್ಲವೇ ಡೆತ್ ಮೆಟಲ್‌ನವರಂತೆ ಹೊಟ್ಟೆಯಾಳದಿಂದ ಗುರುಗುಟ್ಟಬೇಕು ಎಂದು ನಮ್ಮ ಕಿವಿ ಮೊದಲೇ ತೀರ್ಮಾನಿಸಿರುತ್ತದೆ. ಡೆನ್ಮಾರ್ಕಿನ ಕಿಂಗ್ ಡೈಮಂಡ್ ಕಳ್ಳ ಶಾರೀರದಲ್ಲಿ ಕಿರುಚಿ ಆ ತೀರ್ಮಾನವನ್ನು ಅಲ್ಲಾಡಿಸಿದರು, ನಿಜ; ಆದರೆ ಅದೂ ಒಂದು ಬಗೆಯ ಸಾಹಸವೇ. ಸ್ನೇಕ್ ಅವರಲ್ಲಿ ಸಾಹಸದ ಸುಳಿವೇ ಇಲ್ಲ. ಮೂಗಿನಲ್ಲಿ, ಅರ್ಧ ಮಾತು ಅರ್ಧ ಹಾಡಾಗಿ, ಫ್ರೆಂಚ್ ಮಾತೃಭಾಷೆಯ ವಾಸನೆ ಹೊತ್ತ ಇಂಗ್ಲಿಷಿನಲ್ಲಿ, ರೈಲು ತಡವಾಗಿದೆಯೆಂದು ನಿಲ್ದಾಣದ ಧ್ವನಿವರ್ಧಕದಲ್ಲಿ ಹೇಳುವವರ ನಿರ್ಲಿಪ್ತತೆಯಿಂದ ಅವರು ಲೋಕದ ವಿನಾಶವನ್ನು ಪ್ರಕಟಿಸುತ್ತಾರೆ. ಮೊದಲ ಸಲ ಕೇಳಿದವರು ಶ್ರುತಿ ತಪ್ಪಿದೆ ಎಂದೇ ಹೇಳುತ್ತಾರೆ, ನಾನೂ ಹೇಳಿದ್ದೆ.

ಇದರ ಗುಟ್ಟು ಪಿಗ್ಗಿಯವರ ಬೆರಳುಗಳಲ್ಲಿದೆ. ಸಾಮಾನ್ಯವಾಗಿ ಮೆಟಲ್ ಗಿಟಾರಿನ ಬುನಾದಿ ಪವರ್ ಕಾರ್ಡ್, ಅಂದರೆ ಷಡ್ಜ ಮತ್ತು ಪಂಚಮ, ನಮ್ಮ ತಂಬೂರಿಯ ಬುನಾದಿಯೂ ಅದೇ. ಪಿಗ್ಗಿ ಆ ಪಂಚಮವನ್ನು ಅರ್ಧ ಸ್ವರ ಇಳಿಸಿ, ಷಡ್ಜದ ಜೊತೆ ಪ್ರತಿಮಧ್ಯಮವನ್ನೇ ಒಟ್ಟಿಗೆ ಮೊಳಗಿಸುವುದನ್ನು ತಮ್ಮ ನಿತ್ಯದ ಭಾಷೆ ಮಾಡಿಕೊಂಡಿದ್ದರು. ಕಲ್ಯಾಣಿ ರಾಗದಲ್ಲಿ ಅದೇ ಪ್ರತಿಮಧ್ಯಮ ಎಷ್ಟು ಸೊಗಸು! ಆದರೆ ಅಲ್ಲಿ ಅದು ಪಂಚಮದ ಮಡಿಲಿಗೆ ಹೋಗಿ ಸೇರುತ್ತದೆ. ಇಲ್ಲಿ ಸೇರಲು ಪಂಚಮವೇ ಇಲ್ಲ. ನಮ್ಮ ಮನೆಯ ಹಾರ್ಮೋನಿಯಮ್ಮಿನಲ್ಲಿ ಈ ಎರಡು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದು ಪರೀಕ್ಷಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದಲೇ “ಪೆಟ್ಟಿಗೆ ಕೆಟ್ಟೋಯ್ತೇನೋ?” ಎಂದು ಕೇಳಿದರು. ಇಂಥ ನೆಲದ ಮೇಲೆ ಡಿಕಿನ್ಸನ್‌ರಂಥ ಕಂಠವೂ ನಿಲ್ಲಲಾರದು, ಏಕೆಂದರೆ ಅದಕ್ಕೆ ಕಾಲೂರಲು ಗಟ್ಟಿಯಾದ ಶ್ರುತಿ ಬೇಕು. ಸ್ನೇಕ್ ಸ್ವರಗಳ ನಡುವಿನ ಸಂದಿನಲ್ಲೇ ಮಾತಾಡುತ್ತ ಸಾಗುವುದರಿಂದ ಗಿಟಾರಿನ ಕಹಿ ಕೆಡದೆ ಉಳಿಯುತ್ತದೆ. ಅವರು ತಂಡ ಬಿಟ್ಟಿದ್ದ ತೊಂಬತ್ತರ ದಶಕದ ನಡುವಿನಿಂದ ಎರಿಕ್ ಫಾರೆಸ್ಟ್ ಕರ್ಕಶವಾಗಿ ಅಬ್ಬರಿಸಿ ಹಾಡಿದ ಆಲ್ಬಮ್‌ಗಳು ಬಲವಾಗಿವೆ, ಆದರೆ ಅಲ್ಲಿ ದನಿ ಮತ್ತು ಗಿಟಾರು ಒಂದೇ ಬಾಗಿಲಿನಲ್ಲಿ ನುಗ್ಗಲು ಹೋಗಿ ತಳ್ಳಾಡುತ್ತವೆ.

‘ಕಟೋರ್ಜ್’ನಲ್ಲಿ ಈ ಸಂಬಂಧ ಬೆತ್ತಲಾಗಿ ಕಾಣುತ್ತದೆ. ಗಿಟಾರು ಇನ್ನು ಬದಲಾಗದು. ಗಾಯಕ ಒಂದು ಸಾಲನ್ನು ಎಳೆದರೆ ವಾದಕ ಕಾಯುವುದಿಲ್ಲ. ಹಾಗಾಗಿ ಸ್ನೇಕ್ ಮೊದಲ ಹಾಡಿನಿಂದಲೇ ಗಿಟಾರು ಉಸಿರು ಬಿಡುವ ಜಾಗಗಳನ್ನು ಹುಡುಕಿ, ಅಲ್ಲಷ್ಟೇ ಪದಗಳನ್ನು ಇಡುತ್ತಾರೆ. ಅಬ್ಬರ ಕಡಿಮೆ, ವ್ಯಂಗ್ಯ ಹೆಚ್ಚು.

ಕೊರತೆಗಳೂ ಇವೆ. ಮರುನುಡಿಸಿ ತಿದ್ದುವ ಅವಕಾಶವಿಲ್ಲದ್ದರಿಂದ ಗಿಟಾರಿನ ನಾದ ಒಣಗಿದಂತಿದೆ. ಮಿಷೆಲ್ ಲಾಂಜ್‌ವಾಂ, ಅಂದರೆ ‘ಅವೇ’, ಎಂದಿನ ಸ್ವಚ್ಛಂದ ಬಿಟ್ಟು ಡ್ರಮ್ಮನ್ನು ಬಿಗಿಹಿಡಿದು ಬಾರಿಸಿದ್ದಾರೆ. ಹಾಡುಗಳ ನಡೆಯೂ ನೇರ; ಇದೇ ತಂಡದ 1989ರ ಆಲ್ಬಮ್ ‘ನಥಿಂಗ್‌ಫೇಸ್’ನಲ್ಲಿ ತಾಳವೂ ಸ್ವರವೂ ತಿರುತಿರುಗಿ ಬರುವ ಚಕ್ರವ್ಯೂಹವನ್ನು ಬಯಸಿ ಬಂದವರಿಗೆ, ಆರನೇ ಹಾಡಿನ ಹೊತ್ತಿಗೆ, ಒಂದೇ ಬೀದಿಯಲ್ಲಿ ಎರಡನೇ ಸಲ ನಡೆಯುತ್ತಿದ್ದೇವೆ ಅನ್ನಿಸಬಹುದು. ಬಾಸ್ ನುಡಿಸಿದವರು 2001ರವರೆಗೆ ಮೆಟಾಲಿಕಾ ತಂಡದಲ್ಲಿದ್ದ ಜೇಸನ್ ನ್ಯೂಸ್ಟೆಡ್. ಅಲ್ಲಿ ಮೊದಲ ಆಲ್ಬಮ್ಮಿನಲ್ಲಿ ಅವರ ಬಾಸ್ ಕೇಳಿಸುವುದೇ ಇಲ್ಲವೆಂಬ ದೂರು ಇಂದಿಗೂ ನಿಂತಿಲ್ಲ. ಇಲ್ಲಂತೂ ದಪ್ಪಗೆ, ಕೊರಗಿಲ್ಲದೆ ಕೇಳಿಸುತ್ತದೆ, ಗಿಟಾರಿನ ತೆಳುವನ್ನು ಬಹುಮಟ್ಟಿಗೆ ತುಂಬಿಯೂ ಕೊಡುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ತಂಡದ ಪರಿಚಯವೇ ಇಲ್ಲದಿದ್ದರೆ ‘ನಥಿಂಗ್‌ಫೇಸ್’ ಮೊದಲು, ‘ಕಟೋರ್ಜ್’ ಆಮೇಲೆ. ಅದೇ ಲ್ಯಾಪ್‌ಟಾಪಿನಲ್ಲಿ ಮಿಕ್ಕಿದ್ದ ಗಿಟಾರಿನಿಂದ 2009ರಲ್ಲಿ ಕಟ್ಟಿದ ‘ಇನ್ಫಿನಿ’ ಉದ್ದವಾಯಿತು, ಅದನ್ನು ಕೊನೆಗಿಟ್ಟುಕೊಳ್ಳಬಹುದು. ಸಾಧ್ಯವಾದರೆ ಸಿಡಿಯನ್ನೇ ತರಿಸಿಕೊಳ್ಳಿ, ಏಕೆಂದರೆ ಡ್ರಮ್ ವಾದಕ ‘ಅವೇ’ ಸ್ವತಃ ಬರೆದ ಚಿತ್ರಗಳನ್ನು ಫೋನಿನ ಅಂಗೈಯಗಲದ ಪರದೆಯಲ್ಲಿ ನೋಡಿದರೆ ಗೆರೆಗಳು ಕಲಸಿಹೋಗುತ್ತವೆ. ನನಗೆ ಬಂದ ಪ್ರತಿಯ ಪೆಟ್ಟಿಗೆ ದಾರಿಯಲ್ಲಿ ಒಡೆದಿತ್ತು, ಚಿತ್ರಗಳಿಗೇನೂ ಆಗಿರಲಿಲ್ಲ.