ಇಳಿಜಾರಿನಲ್ಲಿ ಕಳಚಿಬಂದ ಪೆಡಲ್: ಎಂಟಿಬಿ ಓಡಿಸುವವರಿಗೆ ಒಂದು ಎಚ್ಚರಿಕೆ

ಚಿಕ್ಕಮಗಳೂರಿನ ಗಿರಿ ಕಡೆ ಸೈಕಲ್ ಹೊಡೆಯುವವರು, ಅದರಲ್ಲೂ ಹೊಸದಾಗಿ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ ದಾರಿಯ ಸೈಕಲ್) ತಗೊಂಡು ಪೆಡಲ್ ಬದಲಾಯಿಸೋಣ ಅಂತ ಮೊಬೈಲ್ ಹಿಡಿದು ಕೂತವರು, ಆರ್ಡರ್ ಮಾಡುವ ಮುಂಚೆ ಇದನ್ನು ಓದಿ. ಆನ್‌ಲೈನ್‌ನಲ್ಲಿ ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಬಣ್ಣಬಣ್ಣದ ಅಲ್ಯೂಮಿನಿಯಂ ಫ್ಲ್ಯಾಟ್ (ಶೂ ಸಿಕ್ಕಿಸದೆ ಸುಮ್ಮನೆ ಕಾಲಿಡುವ ಚಪ್ಪಟೆ) ಪೆಡಲ್‌ಗಳು ಸಿಗುತ್ತವೆ. ಸಿಎನ್‌ಸಿ, ಸೀಲ್ಡ್ ಬೇರಿಂಗ್, ಆಂಟಿ ಸ್ಕಿಡ್ ಅಂತೆಲ್ಲ ಬರೆದಿರುತ್ತಾರೆ. ನೂರಾರು ಜನ ನಾಲ್ಕು, ಐದು ಸ್ಟಾರ್ ಕೊಟ್ಟಿರುತ್ತಾರೆ. ಅಂಥದ್ದೇ ಒಂದು ಜೋಡಿಯ ಬಲಗಡೆಯ ಪೆಡಲ್, ಅತ್ತಿಗುಂಡಿ ಕಡೆಯಿಂದ ತೋಟದ ಜೀಪ್ ದಾರಿಯಲ್ಲಿ ಇಳಿಯುವಾಗ ನನ್ನ ಕಾಲಡಿಯಿಂದಲೇ ಕಳಚಿಕೊಂಡು ಹೋಯಿತು. ಮುರಿಯಲಿಲ್ಲ. ಆಕ್ಸಲ್ (ಪೆಡಲ್ ಯಾವುದರ ಮೇಲೆ ತಿರುಗುತ್ತದೋ ಆ ಕಂಬಿ) ಕ್ರ್ಯಾಂಕ್‌ನಲ್ಲೇ, ಅಂದರೆ ಪೆಡಲ್ ಕೂರಿಸುವ ತೋಳಿನಲ್ಲೇ ಇತ್ತು. ಅದರ ಮೇಲಿದ್ದ ಪೆಡಲ್ ಮಾತ್ರ ಪಕ್ಕಕ್ಕೆ ಜಾರಿ ಹೊರಗೆ ಬಂತು.

ಆರಿದ್ರಾ ಮಳೆ ಒಂದು ವಾರ ಹೊಡೆದು ಆಗಷ್ಟೇ ಬಿಡುವು ಕೊಟ್ಟಿತ್ತು. ಕೆಮ್ಮಣ್ಣು, ಮೇಲೆ ಸಿಲ್ವರ್ ಓಕ್ ಎಲೆ, ಎಲೆಯ ಕೆಳಗೆ ಕಲ್ಲು. ಕಾಲು ನೆಲಕ್ಕೆ ಬಿತ್ತು, ಸೈಕಲ್ ಬಲಕ್ಕೆ ವಾಲಿತು, ಇನ್ನೊಂದು ಕಡೆಯ ಪೆಡಲ್ ತಿರುಗಿ ಬಂದು ಎಡಗಾಲಿನ ಕಣಕಾಲಿಗೆ ಪಿನ್ (ಶೂ ಜಾರದಿರಲು ಪೆಡಲ್ ಮೇಲೆ ಇರುವ ಮೊಳೆ) ಸಮೇತ ಹೊಡೆಯಿತು. ಪಕ್ಕದಲ್ಲಿ ಧರೆ (ಮಣ್ಣಿನ ದಿಬ್ಬದ ಗೋಡೆ) ಇದ್ದಿದ್ದರಿಂದ ಅದಕ್ಕೆ ಒರಗಿ ನಿಂತೆ. ಅದೇ ಜಾಗದಲ್ಲಿ ಪ್ರಪಾತ ಇದ್ದಿದ್ದರೆ ಈ ಬರಹ ಬರೆಯುವವರು ಬೇರೆ ಯಾರಾದರೂ ಆಗಿರುತ್ತಿದ್ದರು. ಹೊಲಿಗೆ ಬಿತ್ತು, ಟಿಟಿ ಇಂಜೆಕ್ಷನ್ ಆಯಿತು. ಪಿನ್ ಚುಚ್ಚಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳ ಇರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುವಂಥದ್ದು. ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆಮೇಲೆ ಸೀದಾ ಡಾಕ್ಟರ ಹತ್ತಿರ ಹೋಗಿ. ಅರಿಶಿನ ಮೆತ್ತಿಕೊಂಡು ಮನೆಗೆ ಹೋಗಿ ಮಲಗಬೇಡಿ.

ಈಗ ಮುಖ್ಯ ವಿಷಯ. ಅದು ಯಾಕೆ ಕಳಚಿಕೊಂಡಿತು?

ಉಳಿದಿದ್ದ ಎಡಗಡೆಯ ಪೆಡಲನ್ನು ಪೇಟೆಯ ಒಂದು ಲೇತ್ ಅಂಗಡಿಗೆ ತಗೊಂಡು ಹೋದೆ. ಹೊರತುದಿಯಲ್ಲಿ ಒಂದು ಮುಚ್ಚಳ ಇತ್ತು. ಅದಕ್ಕೆ ಸ್ಪ್ಯಾನರ್ ಹಾಕಲು ಜಾಗವೇ ಇಲ್ಲ, ಒತ್ತಿ ಕೂರಿಸಿದ್ದಾರೆ. ಅದನ್ನು ಕಿತ್ತು ತೆಗೆಯಬೇಕಾಯಿತು. ಒಳಗೆ ನೋಡಿದರೆ ಹೊರಗಡೆ ಒಂದು ಪುಟ್ಟ ಬೇರಿಂಗ್, ಕ್ರ್ಯಾಂಕ್ ಕಡೆ ಬೇರಿಂಗೇ ಇಲ್ಲ, ಬರೀ ಒಂದು ಪ್ಲಾಸ್ಟಿಕ್ ಕೊಳವೆ. ನೀರು ತಡೆಯಲು ಇರಬೇಕಾದ ರಬ್ಬರ್ ರಿಂಗ್ ಇಲ್ಲ. ಗ್ರೀಸ್ ಇತ್ತು ಅಂತ ಹೇಳಬಹುದು, ಸುಮ್ನೆ ಶಾಸ್ತ್ರಕ್ಕೆ. ಬೇರಿಂಗ್ ತುಕ್ಕು ಹಿಡಿದು ಅರ್ಧ ಬಿಗಿದುಕೊಂಡಿತ್ತು.

ಫ್ಲ್ಯಾಟ್ ಪೆಡಲ್ ಒಳಗಿನಿಂದ ನೋಡಿದರೆ ಬಹಳ ಸರಳ. ಕ್ರ್ಯಾಂಕ್‌ಗೆ ಆಕ್ಸಲ್ ತಿರುಚಿಕೊಂಡಿರುತ್ತದೆ. ಆ ಆಕ್ಸಲ್ ಮೇಲೆ ಪೆಡಲ್ ತೂರಿಸಿರುತ್ತಾರೆ. ಅದು ಹೊರಗೆ ಜಾರದ ಹಾಗೆ ತುದಿಯಲ್ಲಿ ಒಂದು ಸಣ್ಣ ನಟ್. ಎತ್ತಿನ ಗಾಡಿಯ ಚಕ್ರಕ್ಕೆ ಕಡಾಣಿ ಇದ್ದ ಹಾಗೆ. ಬೇರಿಂಗ್ ಸಲೀಸಾಗಿ ತಿರುಗುತ್ತಿರುವ ತನಕ ಆ ನಟ್‌ಗೆ ದೊಡ್ಡ ಕೆಲಸ ಇಲ್ಲ. ಬೇರಿಂಗ್ ಬಿಗಿದುಕೊಂಡಿತು ಅಂದರೆ ನೀವು ತುಳಿದಷ್ಟೂ ಸಲ ಆ ಎಳೆತ ನಟ್ ಮೇಲೆ ಬೀಳುತ್ತದೆ. ನನ್ನ ಪೆಡಲಿನಲ್ಲಿ ಆ ನಟ್ ಎಂಥ ಮೆತ್ತನೆಯ ಲೋಹದ್ದೋ, ಥ್ರೆಡ್ ಪೂರ್ತಿ ಸವೆದು ಸುರುಳಿ ಸುರುಳಿಯಾಗಿ ಬಂದಿತ್ತು. ಲೇತ್‌ನವರು ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಇದಕ್ಕೆ ದುಡ್ಡು ಕೊಟ್ರಾ?" ಅಂದರು.

ಊರೊಳಗೆ, ಟಾರ್ ರಸ್ತೆಯಲ್ಲಿ ಇದೇ ಪೆಡಲ್ ಎರಡು ವರ್ಷ ಬಂದರೂ ಬರಬಹುದು. ಅದಕ್ಕೇ ಅಷ್ಟೊಂದು ಸ್ಟಾರ್. ಅಲ್ಲಿ ಮೈಭಾರ ಸೀಟಿನ ಮೇಲೆ ಇರುತ್ತದೆ. ನಮ್ಮ ಗಿರಿ ಹಾಗಲ್ಲ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಚಿಕ್ಕಮಗಳೂರು ಪೇಟೆ ಅದಕ್ಕಿಂತ ಎಂಟುನೂರು ಮೀಟರಿನಷ್ಟು ಕೆಳಗೆ. ಮೇಲಿನಿಂದ ಕೈಮರದ ತನಕ ಇಳಿಯುವಾಗ ಸೀಟಿನ ಮೇಲೆ ಕೂರುವುದೇ ಕಡಿಮೆ. ಎರಡು ಪೆಡಲನ್ನೂ ಸಮ ಎತ್ತರದಲ್ಲಿಟ್ಟು, ಹಿಮ್ಮಡಿ ಕೆಳಗೆ ಒತ್ತಿ, ಎದ್ದು ನಿಂತೇ ಇಳಿಯುತ್ತೇವೆ ಅಲ್ವಾ? ಇಡೀ ಮೈಭಾರ, ಜೊತೆಗೆ ಪ್ರತಿ ಕಲ್ಲಿನ ಏಟು, ಎಲ್ಲ ಆ ಎರಡು ಆಕ್ಸಲ್ ಮೇಲೆ. ಅದರಲ್ಲೂ ಕ್ರ್ಯಾಂಕ್ ಹತ್ತಿರದ ಭಾಗಕ್ಕೆ ಬಾಗಿಸುವ ಒತ್ತಡ ಜಾಸ್ತಿ. ಆಕ್ಸಲ್ ಮುರಿದರೂ ಸಾಮಾನ್ಯವಾಗಿ ಮುರಿಯುವುದು ಅಲ್ಲೇ. ಅದೇ ಜಾಗಕ್ಕೆ ಇವರು ಪ್ಲಾಸ್ಟಿಕ್ ಕೊಳವೆ ಹಾಕಿದ್ದರು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಬೇರಿಂಗ್ ಬದಲು ಕೊಳವೆ ಹಾಕುವುದೇ ತಪ್ಪು ಅಂತ ಅಲ್ಲ. ಒಳ್ಳೆಯ ಕಂಪನಿಗಳ ತೆಳು ಪೆಡಲ್‌ಗಳಲ್ಲೂ ಒಂದು ಕಡೆ ಬುಶ್, ಅಂದರೆ ಇಂಥ ಕೊಳವೆ, ಇರುತ್ತದೆ. ಆದರೆ ಅದನ್ನು ಬಿಚ್ಚಬಹುದು, ಗ್ರೀಸ್ ತುಂಬಬಹುದು, ಸವೆದರೆ ಹೊಸದು ಹಾಕಬಹುದು. ಆದ್ದರಿಂದ ನಾನು ಈಗ ಎಲ್ಲರಿಗೂ ಹೇಳುವುದು ಒಂದೇ: ಬಿಚ್ಚಲು ಬಾರದ ಪೆಡಲ್ ಕೊಳ್ಳಬೇಡಿ. ಹೊರತುದಿಯ ಮುಚ್ಚಳಕ್ಕೆ ಅಲೆನ್ ಕೀ ಅಥವಾ ಸ್ಪ್ಯಾನರ್ ಕೂರುವ ಜಾಗ ಇದೆಯಾ ನೋಡಿ. ಆ ಕಂಪನಿ ಬೇರಿಂಗ್, ಬುಶ್, ಪಿನ್ ಬಿಡಿಯಾಗಿ ಮಾರುತ್ತದಾ ನೋಡಿ. ಬಿಡಿಭಾಗ ಮಾರುವವನಿಗೆ ತನ್ನ ಮಾಲು ವರ್ಷಾನುಗಟ್ಟಲೆ ಬಾಳುತ್ತದೆ ಅನ್ನುವ ನಂಬಿಕೆ ಇರುತ್ತದೆ. ಆಕ್ಸಲ್ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಗಟ್ಟಿ) ಉಕ್ಕಿನದು ಅಂತ ಬರೆದಿರಬೇಕು. ಬರೀ 'ಸ್ಟೀಲ್' ಅಂತ ಇದ್ದರೆ ಗಿರಿ ಇಳಿಯಲು ಬೇಡ. ಬೋರಾನ್ ಉಕ್ಕು ಅಂತ ಇದ್ದರೆ ಊರೊಳಗಿನ ಓಡಾಟಕ್ಕೆ ಸಾಕು.

ಅಂಗಡಿಯಲ್ಲಿ ಒಂದು ತಮಾಷೆ ನಡೆಯುತ್ತದೆ. ಪೆಡಲನ್ನು ಬೆರಳಲ್ಲಿ ತಟ್ಟಿ ಗಿರಗಿರ ತಿರುಗಿಸಿ ತೋರಿಸುತ್ತಾರೆ. "ನೋಡಿ ಸಾರ್, ಎಷ್ಟು ಫ್ರೀ ಇದೆ" ಅನ್ನುತ್ತಾರೆ. ಅದಕ್ಕೆ ಮರುಳಾಗಬೇಡಿ. ಒಳಗೆ ಗ್ರೀಸ್ ತುಂಬಿ, ರಬ್ಬರ್ ಸೀಲ್ ಸರಿಯಾಗಿ ಕೂತಿರುವ ಹೊಸ ಪೆಡಲ್ ಸ್ವಲ್ಪ ಬಿಗಿಯಾಗಿಯೇ ತಿರುಗುತ್ತದೆ. ಗಾಳಿಪಟದ ಚಕ್ರದಂತೆ ಸುತ್ತಬೇಕಾಗಿಲ್ಲ, ಅದರ ಮೇಲೆ ಹೇಗಿದ್ದರೂ ಕಾಲು ಇರುತ್ತದೆ. ನೋಡಬೇಕಾದದ್ದು ಆಟ, ಅಂದರೆ ಪೆಡಲ್ ಆಕ್ಸಲ್ ಮೇಲೆ ಸಡಿಲವಾಗಿ ಅಲುಗಾಡುತ್ತದಾ ಅನ್ನುವುದು. ಆಕ್ಸಲ್ ಹಿಡಿದು ಪೆಡಲನ್ನು ಮೇಲೆ ಕೆಳಗೆ ಅಲುಗಿಸಿ, ಒಳಗೆ ಹೊರಗೆ ಎಳೆಯಿರಿ. ಹೊಸದರಲ್ಲೇ ಟಕ್ ಟಕ್ ಅಂದರೆ ವಾಪಸ್ ಇಟ್ಟು ಬನ್ನಿ. ಹಳೆಯದರಲ್ಲೂ ತಿಂಗಳಿಗೊಮ್ಮೆ ಹೀಗೆ ಅಲುಗಿಸಿ ನೋಡಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ.

ಹಿಡಿತದ ವಿಷಯಕ್ಕೆ ಬಂದರೆ, ಆ ಪೆಡಲ್ ಮೊದಲ ದಿನದಿಂದಲೂ ಜಾರುತ್ತಿತ್ತು. ಪಿನ್‌ಗಳೇನೋ ಇದ್ದವು, ಚೂಪಾಗಿಯೇ ಇದ್ದವು. ಆದರೆ ಮಧ್ಯದಲ್ಲಿ ಆಕ್ಸಲ್ ಹಾದು ಹೋಗುವ ಕಡೆ ಪೆಡಲ್ ಉಬ್ಬಿಕೊಂಡಿತ್ತು. ಪಾದ ಆ ಉಬ್ಬಿನ ಮೇಲೆ ಕೂರುತ್ತದೆ, ಅಂಚಿನ ಪಿನ್‌ಗಳು ಶೂಗೆ ಸರಿಯಾಗಿ ತಾಗುವುದೇ ಇಲ್ಲ. ಒಳ್ಳೆಯ ಪೆಡಲ್ ಇದಕ್ಕೆ ಉಲ್ಟಾ. ಅಂಚು ಎತ್ತರ, ಮಧ್ಯ ತಗ್ಗು. ಮಕ್ಕಳ ಸ್ಕೇಲ್ ಒಂದನ್ನು ಪಿನ್‌ಗಳ ಮೇಲೆ ಅಡ್ಡ ಇಟ್ಟರೆ ಸಾಕು. ಮಧ್ಯದಲ್ಲಿ ಸಂದು ಕಂಡರೆ ಪಾದ ಅಲ್ಲಿ ಹೂತು ಕೂರುತ್ತದೆ. ಸ್ಕೇಲ್ ಅತ್ತಿತ್ತ ತೂಗಾಡಿದರೆ ನಿಮ್ಮ ಕಾಲೂ ಹಾಗೇ ತೂಗಾಡುತ್ತದೆ.

ಪಿನ್ ಬಗ್ಗೆ ಇನ್ನೂ ಎರಡು ಮಾತು. ಪ್ಲಾಸ್ಟಿಕ್ ಪೆಡಲಿಗೆ ಅಚ್ಚಿನಲ್ಲೇ ಎರಕ ಹೊಯ್ದ ಮೊಳೆಯಂಥ ಪಿನ್‌ಗಳು ಕೆಲವೇ ದಿನದಲ್ಲಿ ಉರುಟಾಗುತ್ತವೆ, ಒದ್ದೆಯಲ್ಲಿ ಸೋಪಿನ ಹಾಗಾಗುತ್ತವೆ. ಬಿಚ್ಚಿ ಹಾಕುವ ಉಕ್ಕಿನ ಪಿನ್‌ಗಳೇ ಬೇಕು. ಅವುಗಳಲ್ಲೂ ಕೀ ಹಾಕುವ ತೂತು ಮೇಲ್ಗಡೆ ಇದ್ದರೆ ನಮ್ಮ ಕಡೆ ಕಷ್ಟ. ಆ ತೂತಿಗೆ ಕೆಮ್ಮಣ್ಣು ಮೆತ್ತಿ ಗಟ್ಟಿಯಾಗುತ್ತದೆ. ಪಿನ್ ಒಂದು ಕಲ್ಲಿಗೆ ತಾಗಿ ಜಜ್ಜಿಹೋದರೆ ಕೀ ಕೂರುವುದೇ ಇಲ್ಲ. ಹಿಂಬದಿಯಿಂದ ತಿರುಗಿಸಿ ಕೂರಿಸುವ ಪಿನ್ ಆದರೆ ಮೇಲೆ ಏನೇ ಆದರೂ ಹಿಂದಿನಿಂದ ಬಿಚ್ಚಬಹುದು. ಕಳೆದುಹೋದರೆ ಕಂಗಾಲಾಗಬೇಡಿ. ಎಷ್ಟೋ ಪೆಡಲ್‌ಗಳಲ್ಲಿ ಅದು ಎಂ4 ಗಾತ್ರದ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಹಾಕಿ ಕೂರಿಸಿ.

ಶೂ ಮರೆಯಬೇಡಿ. ರನ್ನಿಂಗ್ ಶೂಗಳ ತಳದಲ್ಲಿ ದೊಡ್ಡ ದೊಡ್ಡ ಗುಬುಟು ಇರುತ್ತದೆ, ಪಿನ್ ಅದರ ಸಂದಿಗೆ ಬಿದ್ದರೆ ಸರಿ, ಗುಬುಟಿನ ಮೇಲೆ ನಿಂತರೆ ಜಾರಿತು. ಮೆತ್ತನೆ ರಬ್ಬರಿನ ಚಪ್ಪಟೆ ತಳದ ಶೂ ಇರಬೇಕು. ಫೈವ್ ಟೆನ್‌ನಂಥವು ಇದಕ್ಕೇ ಹೆಸರಾದವು, ಬೆಲೆಗೂ ಹೆಸರಾದವು. ತೋಟದಲ್ಲಿ ಗಂಬೂಟ್ ಹಾಕಿಕೊಂಡೇ ಸೈಕಲ್ ಹೊಡೆಯುವ ನಮ್ಮವರನ್ನು ನೋಡಿದ್ದೇನೆ. ಅವರ ಧೈರ್ಯಕ್ಕೆ ನಮಸ್ಕಾರ. ಉಂಬಳ (ಜಿಗಣೆ) ಕಚ್ಚುವುದಿಲ್ಲ ಅನ್ನುವುದು ನಿಜವೇ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪೆಡಲ್ ಹೋದ ಮೇಲೆ ಬರಿಯ ಆಕ್ಸಲ್ ಕಲ್ಲಿಗೆ ಬಡಿದು ಬಾಗಿತ್ತು. ಅದನ್ನು ಬಿಚ್ಚುವಾಗ ಕ್ರ್ಯಾಂಕ್‌ನ ಥ್ರೆಡ್ಡೂ ಕಿತ್ತುಕೊಂಡು ಬಂತು. ಅಲ್ಯೂಮಿನಿಯಂ ಕ್ರ್ಯಾಂಕ್, ಉಕ್ಕಿನ ಆಕ್ಸಲ್, ಸೋಲುವುದು ಕ್ರ್ಯಾಂಕೇ. ತೂತು ದೊಡ್ಡದು ಮಾಡಿ ಉಕ್ಕಿನ ಬುಶ್ ಕೂರಿಸಿ, ಒಳಗೆ ಹೊಸ ಥ್ರೆಡ್ ಹೊಡೆಸಬೇಕಾಯಿತು. ಈ ಕೆಲಸಕ್ಕೇ ಪೆಡಲಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಯಿತು. ಬಲಗಡೆ ಆಗಿದ್ದಕ್ಕೆ ಬಚಾವ್. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಅಂಥ ಥ್ರೆಡ್ ಹೊಡೆಯುವ ಟ್ಯಾಪ್ ಎಲ್ಲ ಲೇತ್‌ಗಳಲ್ಲೂ ಇರುವುದಿಲ್ಲ. ಇದು ಗೊತ್ತಿಲ್ಲದ ಗ್ಯಾರೇಜ್ ಹುಡುಗರು ಎಡ ಪೆಡಲನ್ನು ಬಿಚ್ಚುತ್ತೇನೆ ಅಂತ ಇನ್ನೂ ಬಿಗಿ ಮಾಡಿ ಕೊಡುತ್ತಾರೆ. ನೆನಪಿಡಲು ಸುಲಭ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ, ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಚ್ಚಿಕೊಳ್ಳುತ್ತವೆ, ಮುಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಗಿಯಾಗುತ್ತವೆ. ಹಾಕುವ ಮುಂಚೆ ಥ್ರೆಡ್‌ಗೆ ಗ್ರೀಸ್ ಸವರಿ. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ಬಲ ಹಾಕಬೇಡಿ. ಎಂಟಿಬಿಗಳ ಪೆಡಲ್ ಥ್ರೆಡ್ 9/16 ಇಂಚು, ಮಕ್ಕಳ ಕೆಲವು ಸೈಕಲ್‌ಗಳದ್ದು 1/2 ಇಂಚು. ಅದು ಇದಕ್ಕೆ ಕೂರುವುದಿಲ್ಲ.

ಈಗ ನನ್ನ ಸೈಕಲ್‌ನಲ್ಲಿ ಇರುವುದು ನೈಲಾನ್ ಪೆಡಲ್. ಪ್ಲಾಸ್ಟಿಕ್ ಅಂತ ಮೂಗು ಮುರಿಯುವವರು ತುಂಬಾ ಜನ ಇದ್ದಾರೆ. ಕಲ್ಲಿಗೆ ತಾಗಿದರೆ ಅಲ್ಯೂಮಿನಿಯಂ ಕಚ್ಚಿಕೊಂಡು ಸೈಕಲನ್ನೇ ಎಳೆಯುತ್ತದೆ, ನೈಲಾನ್ ಜಾರಿಕೊಂಡು ಮುಂದೆ ಹೋಗುತ್ತದೆ. ಅದರಲ್ಲಿ ಉಕ್ಕಿನ ಪಿನ್, ಕ್ರೋಮೋಲಿ ಆಕ್ಸಲ್ ಇದ್ದರೆ ನಮ್ಮ ದಾರಿಗಳಿಗೆ ಧಾರಾಳ ಸಾಕು. ರೇಸ್ ಫೇಸ್ ಚೆಸ್ಟರ್ ಇದೇ ಜಾತಿಯದ್ದು. ಕ್ರ್ಯಾಂಕ್‌ಬ್ರದರ್ಸ್ ಸ್ಟ್ಯಾಂಪ್ 1 ಕೂಡ ಇದೇ ಥರ, ಪಾದಕ್ಕೆ ತಕ್ಕ ಹಾಗೆ ಎರಡು ಅಳತೆಯಲ್ಲಿ ಬರುತ್ತದೆ. ಅಲ್ಯೂಮಿನಿಯಮ್ಮೇ ಬೇಕು ಅನ್ನುವವರು ಶಿಮಾನೊ ಪಿಡಿ-ಜಿಆರ್500 ನೋಡಬಹುದು, ಅದರಲ್ಲಿ ಪಿನ್ ಎತ್ತರ ಬದಲಿಸಿಕೊಳ್ಳಬಹುದು. ಇವುಗಳಿಗೆ ತುಂಬಾ ಜಾಸ್ತಿ ದುಡ್ಡು ಬೇಕು, ನಿಜ. ದುಡ್ಡಿಲ್ಲದಿದ್ದರೆ ಸೈಕಲ್ ಜೊತೆ ಬಂದ ಪೆಡಲಿನಲ್ಲೇ ಇನ್ನೊಂದಿಷ್ಟು ತಿಂಗಳು ನಿಧಾನಕ್ಕೆ ಓಡಿಸಿ. ಮಧ್ಯದ ಬೆಲೆಯ ಈ ಹೊಳೆಯುವ ಮಾಲು ಮಾತ್ರ ಬೇಡ.

ಮಾರಿದವನಿಗೆ ಫೋಟೋ ಸಮೇತ ಬರೆದೆ. "ಬಳಕೆಯಿಂದ ಆಗುವ ಸವೆತ, ವಾರಂಟಿ ಇಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಇಲ್ಲಿಗೆ ಬಿಡಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ತಾಣಕ್ಕೆ ದೂರು ಅಧಿಕಾರಿ ಇರಲೇಬೇಕು. ಅವರು 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಬಿಲ್, ಮುರಿದ ಭಾಗ, ಆಸ್ಪತ್ರೆ ಚೀಟಿ ಮೂರನ್ನೂ ಎತ್ತಿಡಿ. ನಾನು ದೂರು ಕೊಟ್ಟ ಮೇಲೆ ಪೆಡಲಿನ ದುಡ್ಡು ವಾಪಸ್ ಬಂತು, ಕ್ರ್ಯಾಂಕ್ ಖರ್ಚು ಇನ್ನೂ ಚರ್ಚೆಯಲ್ಲೇ ಇದೆ.

ಅಷ್ಟರಲ್ಲಿ ಅದೇ ಅಚ್ಚಿನ ಪೆಡಲ್ ಬೇರೆ ಹೆಸರಲ್ಲಿ, ಬೇರೆ ಬಣ್ಣದಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ. ಹೆಸರು ನೋಡಿ ಗುರುತಿಸಲು ಆಗುವುದಿಲ್ಲ. ಫೋಟೋವನ್ನು ದೊಡ್ಡದು ಮಾಡಿ ಹೊರತುದಿ ನೋಡಿ: ಕೀ ಹಾಕುವ ಜಾಗವಿಲ್ಲದ ನುಣುಪಾದ ಮುಚ್ಚಳ, ಮಧ್ಯದಲ್ಲಿ ಉಬ್ಬು, ಪಿನ್‌ಗಳ ತೂತು ಮೇಲ್ಗಡೆ. ಆ ಹೊರತುದಿಯ ಫೋಟೋವನ್ನೇ ಹಾಕಿಲ್ಲ ಅಂದರೆ ಮಾರುವವನಿಗೆ ಕೇಳಿ. ನಾನು ಕೇಳಿದವರಲ್ಲಿ ಒಬ್ಬರೂ ಕಳಿಸಲಿಲ್ಲ.